ಕಾಣೆಯಾದ ಕೆಳದವಡೆ

ತಟ್ಟೆಯಲ್ಲಿ ತಲೆಬುರುಡೆ ಇತ್ತು. ಕೆಳದವಡೆ ಇರಲಿಲ್ಲ.

ಒಟೀಲಿಯ ಹಿತ್ತಲಿನ ಒಗೆತದ ಕೋಣೆಯನ್ನೆಲ್ಲ ಜಾಲಾಡಿದಳು. ಬಕೆಟ್ಟಿನ ಹಿಂದೆ ನೋಡಿದಳು, ತಾಮ್ರದ ಹಂಡೆಯೊಳಗೆ ಇಣುಕಿದಳು, ಒಲೆಯ ಬೂದಿಯಲ್ಲೂ ಕೈಯಾಡಿಸಿದಳು. ಆಮೇಲೆ ಬೇಲಿಯ ಹತ್ತಿರ ಬಂದು ಪಕ್ಕದ ಮನೆಯ ಕೊರ್ದುಲಳನ್ನು ಕೂಗಿದಳು. ಆ ಕೂಗು ಕೇಳಿದ್ದೇ ತಡ, ಕೊರ್ದುಲ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಓಡಿ ಬಂದಳು.

ಕೊರ್ದುಲ ಜಿಲ್ಲಾ ಪೊಲೀಸಿನಲ್ಲಿದ್ದು ನಿವೃತ್ತಳಾಗಿ ಊರಿಗೆ ಮರಳಿದವಳು. ನಿವೃತ್ತಿ ಎಂಬುದು ಸರ್ಕಾರದ ಮಾತು, ಊರಿನವರು ಅದನ್ನು ಒಪ್ಪಿರಲಿಲ್ಲ. ಕೋಳಿ ಕಳೆದರೂ ಸೌದೆ ಕಳುವಾದರೂ ಅವಳ ಬಾಗಿಲನ್ನೇ ತಟ್ಟುತ್ತಿದ್ದರು. ಆ ಕಣಿವೆಯ ಎಲ್ಲರಿಗೂ ಹತ್ತಿದ ಬೇಟೆಯ ಗೀಳು ಅವಳಿಗೆ ಮಾತ್ರ ಹತ್ತಿರಲಿಲ್ಲ. ಅಪ್ಪ ಕುದುರೆ ವ್ಯಾಪಾರಿ. ಸತ್ತ ಪ್ರಾಣಿಯ ಕೊಂಬಿಗಿಂತ ಬದುಕಿರುವ ಪ್ರಾಣಿಯ ಕಾಲು ನೋಡು ಎಂದು ಬೆಳೆಸಿದವನು.

"ದವಡೆ ಇಲ್ಲ ಕಣೆ," ಎಂದಳು ಒಟೀಲಿಯ. "ಬೆಳಗ್ಗೆ ಇತ್ತು. ನನ್ನ ಕೈಯಾರೆ ಹತ್ತಿ ಹೊದಿಸಿ ಹೋಗಿದ್ದೆ."

"ಎಲ್ಲಿಗೆ ಹೋಗಿದ್ದೆ?"

"ಇನ್ನೆಲ್ಲಿಗೆ? ಆಂಬ್ರೋಸ್ ಹತ್ರ."

ಆಂಬ್ರೋಸ್ ಅವಳ ಗಂಡ. ಶರತ್ಕಾಲದಿಂದ ಚರ್ಚಿನ ಹಿಂದಿನ ಸಮಾಧಿಯಲ್ಲಿ ಮಲಗಿದ್ದ. ಬೆಟ್ಟದಲ್ಲಿ ತನ್ನ ಕೊನೆಯ ಸಾರಂಗವನ್ನು ಹೊಡೆದ ವಾರವೇ, ಬೂಟು ಬಿಚ್ಚಲು ಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆ ಸಾರಂಗದ ತಲೆಯೇ ಈ ತಟ್ಟೆಯಲ್ಲಿದ್ದದ್ದು.

ಮರುದಿನ ಊರಿನ ಹೋಟೆಲಿನ ದೊಡ್ಡ ಹಾಲಿನಲ್ಲಿ ಕೊಂಬುಗಳ ಪ್ರದರ್ಶನ. ವರ್ಷವಿಡೀ ಹೊಡೆದ ಸಾರಂಗಗಳ ಕೊಂಬುಗಳನ್ನು ಬೇಟೆಗಾರರು ಮನೆಯಲ್ಲೇ ಬೇಯಿಸಿ, ಬಿಳುಪು ಮಾಡಿ, ಹಲಗೆಗೆ ಕೂರಿಸಿ ತರಬೇಕು. ಪ್ರತಿ ಹಲಗೆಯ ಕೆಳಗೂ ಅದೇ ಪ್ರಾಣಿಯ ಕೆಳದವಡೆ ತೂಗಬೇಕು. ಪರೀಕ್ಷಕರು ಕೊಂಬಿನ ಅಂದಕ್ಕೆ ಮರುಳಾಗುವವರಲ್ಲ. ದವಡೆಯ ಹಲ್ಲು ಸವೆದಿದೆಯೋ ಇಲ್ಲವೋ ನೋಡಿ ವಯಸ್ಸು ಹೇಳುತ್ತಾರೆ. ಮುದಿ ಸಾರಂಗವಾದರೆ ಹಲಗೆಗೆ ಹಸಿರು ಚುಕ್ಕೆ. ಇನ್ನೂ ಬೆಳೆಯಬೇಕಾದ ಎಳೆಯದನ್ನು ಉರುಳಿಸಿದ್ದರೆ ಕೆಂಪು ಚುಕ್ಕೆ. ಕೆಂಪು ಬಿದ್ದವನು ವರ್ಷಗಟ್ಟಲೆ ಸಾರಂಗಕ್ಕೆ ಗುರಿ ಇಡುವಂತಿಲ್ಲ. ಅದನ್ನಾದರೂ ಸಹಿಸಬಹುದು, ಊರಿನ ನಾಲಿಗೆಯನ್ನು ಸಹಿಸುವುದು ಕಷ್ಟ.

ಆ ನಾಲಿಗೆ ಆಂಬ್ರೋಸನ ಮೇಲೆ ಆಗಲೇ ಹರಿದಾಡುತ್ತಿತ್ತು. ಕೊನೆಗಾಲದಲ್ಲಿ ಅವನ ಒಂದು ಕಣ್ಣಿಗೆ ಪೊರೆ ಬಂದಿತ್ತು. ಬೇಟೆ ಸಂಘದ ಮುಖ್ಯಸ್ಥ ರೂಪರ್ಟ್ ಹೋಟೆಲಿನಲ್ಲಿ ಬಿಯರ್ ಕುಡಿಯುತ್ತ, ಕಣ್ಣು ಕಾಣದವನು ಯಾವ ಕರುವಿಗೆ ಗುಂಡು ಹೊಡೆದನೋ, ಹಲ್ಲು ನೋಡಿದಾಗ ತಿಳಿಯುತ್ತದೆ ಎಂದಿದ್ದ. ಚಳಿಗಾಲವಿಡೀ ಒಟೀಲಿಯ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಪ್ರದರ್ಶನದ ದಿನಕ್ಕೆ ಕಾದಿದ್ದಳು. ಗಂಡನ ಮಾತಿನ ಮೇಲೆ ಅವಳಿಗೆ ಅಷ್ಟು ಭರವಸೆ.

"ಅವತ್ತು ಬೆಟ್ಟದಿಂದ ಇಳಿದು ಬಂದು ಏನಂದ ಗೊತ್ತಾ?" ಎಂದಳು. "ಬಾಯೊಳಗೆ ಬೆರಳಿಟ್ಟು ನೋಡ್ದೆ ಒಟೀಲಿ, ನನ್ನ ಹಾಗೇ ಹಲ್ಲು ಸವೆದ ಮುದುಕ ಅಂದ. ಈಗ ನೋಡು. ದವಡೆ ಇಲ್ಲ ಅಂದ್ರೆ ಜನ ಏನಂತಾರೆ? ಎಳೇದು ಅಂತ ಗೊತ್ತಾಗಿ ಹೆಂಡ್ತೀನೇ ಬಚ್ಚಿಟ್ಟಳು ಅಂತಾರೆ."

ಕೊರ್ದುಲ ಇಲ್ಲ ಎನ್ನಲಿಲ್ಲ. ಜನ ಹಾಗೇ ಅನ್ನುತ್ತಾರೆ ಎಂದು ಅವಳಿಗೂ ಗೊತ್ತಿತ್ತು.

ಬಾಗಿಲಿಗೆ ಬೀಗ ಇತ್ತೇ? ಇಲ್ಲ, ಬರೀ ಚಿಲಕ. ನಾಯಿ ನುಗ್ಗಿರಬಹುದೇ? ನಾಯಿಗೆ ಚಿಲಕ ತೆಗೆಯಲು ಬಂದರೂ ಹಾಕಲು ಬರುವುದಿಲ್ಲ. ಒಟೀಲಿಯ ಮರಳಿದಾಗ ಚಿಲಕ ಹಾಕಿಯೇ ಇತ್ತು.

ಕೊರ್ದುಲ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎಲುಬನ್ನು ಬಿಳುಪು ಮಾಡುವ ಪೆರಾಕ್ಸೈಡ್‌ನಲ್ಲಿ ನೆನೆದ ಹತ್ತಿ ಬುರುಡೆಯ ಸುತ್ತ ಮುಸುಕಿನಂತೆ ಅಂಟಿತ್ತು. ಅದರಿಂದ ಹನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಆ ನೀರು ತಗುಲಿದರೆ ಕೊಂಬಿನ ಕಂದು ಬಣ್ಣ ಹಾರಿಹೋಗುತ್ತದೆ. ಅದಕ್ಕೆಂದು ಕೊಂಬುಗಳ ಬುಡಕ್ಕೆ ವ್ಯಾಸಲೀನ್ ಸವರಿದ ಬಟ್ಟೆ ಸುತ್ತಿತ್ತು. ಬಟ್ಟೆ ಬಿಗಿಯಾಗಿತ್ತು. ಕೊಂಬಿನ ಮೇಲೆ ಎಲ್ಲೂ ಬಿಳಿ ಕಲೆ ಇರಲಿಲ್ಲ.

"ಹತ್ತಿ ಯಾವಾಗ ಒದ್ದೆ ಮಾಡಿದ್ದು?"

"ಬೆಳಗ್ಗೆ ತಿಂಡಿಗೆ ಮುಂಚೆ. ಒಲೆ ಕಾವಿಗೆ ಬೇಗ ಒಣಗತ್ತೆ, ಮಧ್ಯಾಹ್ನ ಮತ್ತೆ ಹಾಕ್ಬೇಕು. ಅದಕ್ಕೇ ಬಂದೆ, ಆಗ್ಲೇ ಗೊತ್ತಾಗಿದ್ದು."

"ಬಂದ ಮೇಲೆ ಹಾಕಿದ್ಯಾ?"

"ಇಲ್ಲ. ಕೈಕಾಲೇ ಆಡ್ಲಿಲ್ಲ."

ಮೊಳೆಗೆ ತೂಗುಹಾಕಿದ್ದ ರಬ್ಬರ್ ಕೈಗವಸುಗಳನ್ನು ಕೊರ್ದುಲ ಮುಟ್ಟಿ ನೋಡಿದಳು. ಒಣಗಿದ್ದವು. ಅವನ್ನೇ ಹಾಕಿಕೊಂಡು ಹತ್ತಿಯನ್ನು ಸರಿಸಿ ಬುರುಡೆಯನ್ನು ಎತ್ತಿದಳು. ಮೂಗಿನಿಂದ ಹಿಂತಲೆಯವರೆಗೆ ಇಡಿಯಾಗಿತ್ತು. ಹಾಗಿರುವುದು ಊರಿನ ವಾಡಿಕೆಯಲ್ಲ. ಎಲ್ಲರೂ ಬುರುಡೆಯನ್ನು ಕಣ್ಣಿನ ಗೂಡಿನ ಮಟ್ಟಕ್ಕೆ ಗರಗಸದಿಂದ ಕೊಯ್ದು, ಮೇಲ್ದವಡೆಯನ್ನು ಎಸೆದು, ಹಣೆಯನ್ನೂ ಮೂಗಿನ ಎಲುಬನ್ನೂ ಮಾತ್ರ ಹಲಗೆಗೆ ಕೂರಿಸುವುದು. ರೂಪರ್ಟ್ ಇದನ್ನು ನೋಡಿದರೆ ಸಾರಂಗ ತಂದಿದ್ದೀಯೋ ಹಸು ತಂದಿದ್ದೀಯೋ ಎಂದು ಕೇಳುವುದು ಖಂಡಿತ.

"ಕೊಯ್ಯಕ್ಕೆ ಕೈ ಬರ್ಲಿಲ್ಲ," ಎಂದಳು ಒಟೀಲಿಯ. "ಅವನು ಕೊನೇ ಸಲ ಮುಟ್ಟಿದ್ದು ಇದನ್ನೇ. ಅದಕ್ಕೆ ಗರಗಸ ಹಾಕ್ಲಾ?"

ಕೊರ್ದುಲ ಬುರುಡೆಯನ್ನು ಮಗುಚಿ ಮೇಲಿನ ಹಲ್ಲುಸಾಲಿನ ಮೇಲೆ ಹೆಬ್ಬೆರಳು ಎಳೆದಳು. ನುಣ್ಣಗೆ ಜಾರಿತು. ಮತ್ತೆ ಹತ್ತಿ ಹೊದಿಸಿದಳು.

"ತಲೆ ಬೇಯಿಸಿದ್ದು ಯಾರು?"

ಕಿಲಿಯಾನ್ ಎಂದಳು ಒಟೀಲಿಯ. ಆಂಬ್ರೋಸನ ಆಪ್ತ ಗೆಳೆಯ, ಹರೆಯದಿಂದ ಜೊತೆಗೇ ಬೆಟ್ಟ ಹತ್ತಿದವನು. ಆ ವಾರವೇ ಕಿಲಿಯಾನನೂ ಒಂದು ಸಾರಂಗ ಹೊಡೆದಿದ್ದ. ಮನೆ ಸೂತಕದಲ್ಲಿದ್ದಾಗ ಅವನೇ ಬಂದು ಎರಡೂ ತಲೆಗಳನ್ನು ಇದೇ ಹಂಡೆಯಲ್ಲಿ ಸೋಡಾ ಹಾಕಿ ಬೇಯಿಸಿ, ಮಾಂಸ ಕೆರೆದು, ದವಡೆಗಳನ್ನು ತಂತಿಯಲ್ಲಿ ಕಟ್ಟಿ, ಆಂಬ್ರೋಸನದ್ದನ್ನು ಅಟ್ಟದ ಮೇಲೆ ಒಣಗಲು ಇಟ್ಟು ಹೋಗಿದ್ದ. ಬಿಳುಪು ಮಾಡುವ ಕೆಲಸವನ್ನು ಮಾತ್ರ ಒಟೀಲಿಯ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ದವಡೆಯ ಹಲ್ಲನ್ನು ನೀನು ನೋಡಿದ್ದೆಯಾ ಎಂದು ಕೊರ್ದುಲ ಕೇಳಿದಾಗ, ನೋಡಿದರೂ ತನಗೆ ಏನು ತಿಳಿಯುತ್ತದೆ ಎಂದಳು.

"ರೂಪರ್ಟ್‌ನ ಕೇಳು," ಎಂದು ಕೊನೆಗೆ ಸೇರಿಸಿದಳು. "ಅವನದೇ ಕೆಲ್ಸ. ದವಡೆ ಹೊರಗೆ ಬಂದ್ರೆ ಅವನ ಮಾತು ಸುಳ್ಳಾಗತ್ತಲ್ಲ."

ರೂಪರ್ಟ್ ಹೋಟೆಲಿನ ಹಾಲಿನಲ್ಲಿ ಏಣಿ ಹತ್ತಿ ಮೊಳೆ ಹೊಡೆಯುತ್ತಿದ್ದ. ಗೋಡೆಯ ತುಂಬ ಹಲಗೆಗಳು, ಕೊಂಬುಗಳು. ಹಾಲಿನಲ್ಲೆಲ್ಲ ವಾರ್ನಿಷಿನ ವಾಸನೆ. ಕೊರ್ದುಲ ವಿಷಯ ಹೇಳಿದಾಗ ಅವನು ಏಣಿಯಿಂದ ಇಳಿಯಲೂ ಇಲ್ಲ.

"ನಾನ್ಯಾಕೆ ಕದೀಲಿ?" ಎಂದ. "ಅದು ಎಳೇ ಸಾರಂಗ ಅಂತ ಊರಿಗೆಲ್ಲ ಹೇಳಿದವನು ನಾನು. ನನ್ನ ಮಾತಿಗೆ ಸಾಕ್ಷಿ ಅಂದ್ರೆ ಆ ದವಡೆ ಒಂದೇ. ಸಾಕ್ಷೀನ ಕಳ್ಕೊಳೋಕೆ ನಾನೇನು ಹುಚ್ಚನಾ?"

"ನಿನ್ನ ಮಾತು ಸುಳ್ಳಾದ್ರೆ?"

ರೂಪರ್ಟ್ ಸುತ್ತಿಗೆ ನಿಲ್ಲಿಸಿದ. 

"ಸುಳ್ಳಾದ್ರೆ ಎಲ್ಲರ ಎದುರು ಟೋಪಿ ತೆಗೀತೀನಿ. ಕುಡಿದ ಮತ್ತಲ್ಲಿ ಆಡಿದ ಮಾತು ಅದು. ಮಾರನೇ ದಿನಾನೇ ನುಂಗೋಣ ಅಂದ್ಕೊಂಡೆ. ಅಷ್ಟರಲ್ಲಿ ಊರು ಸುತ್ತಿತ್ತು. ಆದ್ರೆ ಕೊರ್ದುಲ, ನೀನೂ ಪೊಲೀಸು. ಮನೆಯವರೇ ಬಚ್ಚಿಟ್ಟಿರಬಹುದು ಅಂತ ನಿಂಗೆ ಅನ್ನಿಸಲ್ವಾ?"

ಕೊರ್ದುಲ ಅವನ ಕೈಗಳನ್ನು ನೋಡಿದಳು. ಬೆರಳ ತುದಿಗಳೆಲ್ಲ ವಾರ್ನಿಷ್ ಹತ್ತಿ ಕಂದು. ಸಂಜೆ ನಾಲ್ಕಕ್ಕೆ ಒಟೀಲಿಯಳ ಮನೆಗೆ ಬಾ ಎಂದು ಹೇಳಿ ಹೊರಟಳು. ಬೆಳಗಿನಿಂದ ಅವನು ಹಾಲ್ ಬಿಟ್ಟು ಕದಲಿಲ್ಲ ಎಂದು ಹೋಟೆಲಿನ ಅಡುಗೆಯವಳು, ಕೇಳದಿದ್ದರೂ, ಹಿಂದಿನ ಬಾಗಿಲಲ್ಲಿ ನಿಂತು ಹೇಳಿದಳು. ಊರಿನಲ್ಲಿ ಪೊಲೀಸರಿಗೆ ಇದೊಂದು ಅನುಕೂಲ.

ಕಿಲಿಯಾನನ ಮನೆ ಕಾಡಿನಂಚಿನಲ್ಲಿತ್ತು. ಒಂಟಿ ಮನುಷ್ಯ. ಕೊರ್ದುಲ ಹೋದಾಗ ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕೂತಿದ್ದ. ಒಳಗೂ ಕೋಟು ಹಾಕಿಕೊಂಡೇ ಇದ್ದ. ಗೋಡೆಗೆ ಒರಗಿಸಿದ್ದ ಅವನ ಹಲಗೆ ತಯಾರಾಗಿತ್ತು. ವಾಡಿಕೆಯಂತೆ ಕೊಯ್ದ ಬುರುಡೆ, ಹಾಲಿನಂಥ ಬಿಳುಪು, ಮೇಲೆ ಮೇಣದ ತೆಳು ಲೇಪ. ಕೆಳಗೆ ತಂತಿಯಲ್ಲಿ ದವಡೆ. ಹಲ್ಲುಗಳು ಸವೆದು ಎಲುಬಿನ ಮಟ್ಟಕ್ಕೆ ಇಳಿದಿದ್ದವು.

ಚೆನ್ನಾಗಿ ಕೂರಿಸಿದ್ದೀಯ, ಯಾವಾಗ ಮುಗಿಸಿದೆ ಎಂದು ಅವಳು ಕೇಳಿದಳು. ಕ್ರಿಸ್‌ಮಸ್‌ಗೆ ಮುಂಚೆಯೇ ಎಂದ.

"ಆಂಬ್ರೋಸ್‌ದು ದವಡೆ ಕಾಣೆಯಾಗಿದೆ," ಎಂದಳು.

"ಹೌದಾ," ಎಂದ ಕಿಲಿಯಾನ್. ಆಶ್ಚರ್ಯ ಪಡಬೇಕೆಂಬುದು ಅವನಿಗೆ ಆಮೇಲೆ ಹೊಳೆದಂತಿತ್ತು. "ಯಾರು ತಗೊಂಡ್ರೋ. ಹೋಗ್ಲಿ ಬಿಡು ಕೊರ್ದುಲ. ದವಡೆ ಇಲ್ದೇ ಇದ್ರೆ ಯಾವ ಚುಕ್ಕೇನೂ ಹಾಕಲ್ಲ. ಸತ್ತವನ ಹೆಸರು ಹಾಗೇ ಉಳಿಯತ್ತೆ."

"ಉಳಿಯತ್ತಾ? ಒಟೀಲಿಯಾನೇ ಬಚ್ಚಿಟ್ಟಳು ಅಂತ ಹೋಟೆಲಲ್ಲಿ ಆಗ್ಲೇ ಶುರುವಾಗಿದೆ."

ಅವನು ತಲೆಯೆತ್ತಿದ. ಇದು ಅವನಿಗೆ ಹೊಸ ಸುದ್ದಿ ಎಂಬುದು ಮುಖದಲ್ಲೇ ಗೊತ್ತಾಯಿತು. ಅವಳಿಗೆ ಕಾಫಿ ಬಗ್ಗಿಸಲು ಎದ್ದ. ಲೋಟ ಹಿಡಿದ ಬೆರಳುಗಳ ತುದಿ ಸುಣ್ಣ ಮೆತ್ತಿದಂತೆ ಬೆಳ್ಳಗಿತ್ತು. ಕೊರ್ದುಲ ಕಾಫಿ ಕುಡಿದಳು, ಬೆರಳಿನ ಮಾತು ಎತ್ತಲಿಲ್ಲ. ನಾಲ್ಕಕ್ಕೆ ಒಟೀಲಿಯಳ ಮನೆಗೆ ಬಾ, ನಿನ್ನ ಹಲಗೆಯನ್ನೂ ತಗೊಂಡು ಬಾ ಎಂದಳು. ಹಲಗೆ ಯಾಕೆ ಎಂದು ಅವನು ಕೇಳಿದ. ಬಾ, ಹೇಳುತ್ತೇನೆ ಎಂದಳು.

ದಾರಿಯುದ್ದಕ್ಕೂ ಅವಳಿಗೆ ಸಮಾಧಾನವಿರಲಿಲ್ಲ. ಕಳ್ಳನನ್ನು ಹಿಡಿಯುವಾಗ ಹಿಂದೆಲ್ಲ ಒಂದು ಖುಷಿ ಇರುತ್ತಿತ್ತು. ಇವತ್ತು ಅದು ಇರಲಿಲ್ಲ. ಈ ಮನುಷ್ಯನಿಗೆ ತಾನು ಹೇಳಬೇಕಾದದ್ದು ಕಳ್ಳತನಕ್ಕಿಂತ ಕಹಿಯಾದದ್ದು ಎಂದು ಅವಳಿಗೆ ಆಗಲೇ ಅರ್ಥವಾಗಿತ್ತು.

ನಾಲ್ಕಕ್ಕೆ ಒಗೆತದ ಕೋಣೆಯಲ್ಲಿ ಎಲ್ಲರೂ ಸೇರಿದರು. ರೂಪರ್ಟ್ ಹಂಡೆಗೆ ಒರಗಿ ನಿಂತ. ಕಿಲಿಯಾನ್ ಹಲಗೆಯನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲೇ ಉಳಿದ. ಒಟೀಲಿಯ ರೂಪರ್ಟ್‌ನ ಕಡೆ ನೋಡಲಿಲ್ಲ.

"ಕದ್ದವನು ವೈರಿ ಅಲ್ಲ," ಎಂದು ಕೊರ್ದುಲ ಶುರುಮಾಡಿದಳು. "ಹತ್ತಿ ನೋಡಿ. ಬೆಳಗ್ಗೆ ಒದ್ದೆ ಮಾಡಿದ್ದು ಮಧ್ಯಾಹ್ನ ಒಣಗಿರಬೇಕಿತ್ತು. ನಾನು ಬಂದಾಗ ನೀರು ತೊಟ್ಟಿಕ್ತಾ ಇತ್ತು. ಒಟೀಲಿಯ ಒದ್ದೆ ಮಾಡ್ಲಿಲ್ಲ. ಹಾಗಾದ್ರೆ ಮಾಡಿದ್ದು ಕಳ್ಳ. ದವಡೆ ತಗೊಂಡು ಓಡಿಹೋಗೋದು ಬಿಟ್ಟು, ಬುರುಡೆ ಮೇಲೆ ಕಲೆ ಉಳಿಯಬಾರದು ಅಂತ ಹತ್ತಿಗೆ ಮತ್ತೆ ಪೆರಾಕ್ಸೈಡ್ ಹಾಕಿದಾನೆ. ಕೊಂಬಿನ ಬುಡದ ಬಟ್ಟೆ ಬಿಗಿ ಮಾಡಿದಾನೆ. ಆಂಬ್ರೋಸ್ ಕೊಂಬಿನ ಮೇಲೆ ಇಷ್ಟು ಪ್ರೀತಿ ಇರೋ ಕಳ್ಳ ಈ ಊರಲ್ಲಿ ಎಷ್ಟು ಜನ ಇದಾರೆ?"

ಅವಳು ಮೊಳೆಗೆ ತೂಗುತ್ತಿದ್ದ ಕೈಗವಸುಗಳನ್ನು ತೋರಿಸಿದಳು.

"ಕೈಗವಸು ಒಣಗಿತ್ತು. ಬರಿಗೈಯಲ್ಲಿ ಮುಟ್ಟಿದಾನೆ. ಪೆರಾಕ್ಸೈಡ್ ಬರಿಗೈಗೆ ತಗುಲಿದ್ರೆ ಬೆರಳು ಬೆಳ್ಳಗಾಗತ್ತೆ. ಕಿಲಿಯಾನ್, ನಿನ್ನ ಹಲಗೆ ಕ್ರಿಸ್‌ಮಸ್‌ಗೇ ಮುಗಿದಿತ್ತಲ್ಲ. ಇವತ್ತು ನಿನ್ನ ಬೆರಳು ಯಾಕೆ ಬಿಳಿ?"

ಕಿಲಿಯಾನ್ ಹಲಗೆಯನ್ನು ಗೋಡೆಗೆ ಒರಗಿಸಿದ. ಕೋಟಿನ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಒಟೀಲಿಯಳ ಮುಂದೆ ಇಟ್ಟ. ಬಿಚ್ಚಿದಾಗ ದವಡೆ ಇತ್ತು. ಹೊಳೆಗೆ ಎಸೆಯೋಣ ಎಂದುಕೊಂಡು ಹೋದೆ, ಆಂಬ್ರೋಸ್ ಹೊಡೆದದ್ದು, ಕೈ ಏಳಲಿಲ್ಲ ಎಂದ.

"ಹಲ್ಲು ನೋಡು ಒಟೀಲಿಯ," ಎಂದ. "ಉದ್ದ, ಚೂಪು. ಎಳೇದು. ಬೇಯಿಸಿದ ದಿನವೇ ನಂಗೆ ಗೊತ್ತಾಯ್ತು. ಇಷ್ಟು ದಿನ ಯಾರಿಗೂ ಹೇಳ್ಲಿಲ್ಲ. ನಾಳೆ ಇದು ಹಾಲಿನಲ್ಲಿ ತೂಗಿದ್ರೆ ಅವನ ಹೆಸರಿಗೆ ಕೆಂಪು ಚುಕ್ಕೆ. ಅವನು ಇಲ್ಲ, ಬಾಯಿ ಬಿಟ್ಟು ಏನೂ ಹೇಳೋ ಹಾಗಿಲ್ಲ. ನೋಡಕ್ಕಾಗ್ಲಿಲ್ಲ ನಂಗೆ. ನಿನ್ನ ಮೇಲೆ ಬರತ್ತೆ ಅಂತ ಮಾತ್ರ ಹೊಳೀಲಿಲ್ಲ."

ಒಟೀಲಿಯ ದವಡೆಯನ್ನು ನೋಡುತ್ತ ಬಕೆಟ್ಟಿನ ಮೇಲೆ ಕೂತುಬಿಟ್ಟಳು. ರೂಪರ್ಟ್ ಗೆದ್ದಿದ್ದ. ಆದರೆ ಅವನ ಮುಖದಲ್ಲಿ ಗೆಲುವು ಇರಲಿಲ್ಲ. ಬೇರೆಲ್ಲೋ ನೋಡುತ್ತ ನಿಂತ.

"ಇನ್ನೂ ಮುಗಿದಿಲ್ಲ," ಎಂದಳು ಕೊರ್ದುಲ. "ಕಿಲಿಯಾನ್, ಆ ದವಡೇನ ಈ ಬುರುಡೆಗೆ ಕೂರಿಸು."

ಅವಳು ಹತ್ತಿ ತೆಗೆದು ಬುರುಡೆಯನ್ನು ಮಗುಚಿ ಹಿಡಿದಳು. ಅವನು ದವಡೆಯನ್ನು ಇಟ್ಟ. ಕೀಲು ಕೂರಲಿಲ್ಲ. ಸ್ವಲ್ಪ ಹಿಂದೆ ಸರಿಸಿದ, ಮುಂದೆ ತಂದ. ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದಿತು.

"ಈಗ ಮೇಲಿನ ಹಲ್ಲು ನೋಡು. ನೀವು ಬೇಟೆಗಾರರು ಯಾವತ್ತೂ ಮೇಲಿನ ಹಲ್ಲು ನೋಡಲ್ಲ. ಕೊಯ್ದು ಎಸೀತೀರ. ಕೆಳಗಿಂದು ಒಂದೇ ನೋಡಿ ತೀರ್ಪು ಹೇಳ್ತೀರ. ನಮ್ಮಪ್ಪ ಕುದುರೆಗೆ ಎರಡೂ ಕಡೆ ನೋಡ್ತಿದ್ದ. ಒಟೀಲಿಯ ಗರಗಸ ಹಾಕದೇ ಇದ್ದದ್ದಕ್ಕೆ ಇವತ್ತು ಈ ಹಲ್ಲು ಉಳಿದಿದೆ."

ರೂಪರ್ಟ್ ಹತ್ತಿರ ಬಂದು ಬಗ್ಗಿ ನೋಡಿದ. ಮೇಲಿನ ಹಲ್ಲುಗಳು ಬೀಸುಕಲ್ಲಿನಂತೆ ಚಪ್ಪಟೆಯಾಗಿದ್ದವು. ಬೆರಳಿನಿಂದ ಸವರಿದ. ತುಂಬ ಮುದಿ, ಇಂಥದ್ದು ನೋಡಿ ವರ್ಷಗಳಾದವು ಎಂದು ತನ್ನಷ್ಟಕ್ಕೆ ಹೇಳಿಕೊಂಡ.

 ಯಾರೂ ಹೇಳುವ ಮೊದಲೇ ಕಿಲಿಯಾನ್ ತನ್ನ ಹಲಗೆಯ ಕಡೆ ತಿರುಗಿದ. ಕೆಳಗೆ ತೂಗುತ್ತಿದ್ದ ಸವೆದ ದವಡೆಯ ತಂತಿ ಬಿಚ್ಚಿದ.  ಅದನ್ನು ತಂದು ಆಂಬ್ರೋಸನ ಬುರುಡೆಗೆ ಇಟ್ಟ. ಟಕ್ ಎಂದು ಕೂತಿತು. ಮೇಲಿನ ಹಲ್ಲಿನ ತಗ್ಗಿಗೆ ಕೆಳಗಿನ ಹಲ್ಲಿನ ಉಬ್ಬು ಸರಿಯಾಗಿ ಹೊಂದಿತು.

"ಎರಡನ್ನೂ ಒಂದೇ ಹಂಡೆಯಲ್ಲಿ ಬೇಯಿಸಿದೆ," ಎಂದಳು ಕೊರ್ದುಲ ಮೆಲ್ಲಗೆ. "ಅಲ್ಲೇ ಅದಲುಬದಲಾಗಿದೆ. ಆಂಬ್ರೋಸ್ ಹೊಡೆದದ್ದು ಮುದುಕನ್ನೇ. ಎಳೇದನ್ನ ಹೊಡೆದದ್ದು ನೀನು."

ಕಿಲಿಯಾನ್ ನೆಲದ ಮೇಲೆಯೇ ಕೂತ. ಗೋಡೆಗೆ ಬೆನ್ನು ಕೊಟ್ಟು ಹೇಳತೊಡಗಿದ. ಮಬ್ಬುಗತ್ತಲಲ್ಲಿ ಹೊಡೆದ ಸಾರಂಗ, ಹಿಮದಲ್ಲಿ ಬಾಯಿ ಸೆಟೆದುಕೊಂಡಿತ್ತು, ಕೊಂಬಿನ ಗಾತ್ರ ನೋಡಿ ಮುದಿ ಎಂದುಕೊಂಡ. ಬೆಳಗಾದರೆ ಆಂಬ್ರೋಸ್ ಸತ್ತ ಸುದ್ದಿ. ಹಲ್ಲು ನೋಡುವ ಮನಸ್ಸು ಯಾರಿಗಿತ್ತು? ಬೇಯಿಸುವಾಗ ಗುರುತಿಗೆಂದು ಕಟ್ಟಿದ್ದ ದಾರ ಹಂಡೆಯಲ್ಲಿ ಬಿಚ್ಚಿಹೋಗಿತ್ತು.

"ಎರಡೂ ದವಡೆ ಒಟ್ಟಿಗೇ ಮೇಲೆ ಬಂತು," ಎಂದ. "ಒಂದು ಮುದಿ, ಒಂದು ಎಳೇದು."

"ಎಳೇದು ನಿಂದಿರಬಹುದು ಅಂತ ಅನ್ನಿಸ್ಲಿಲ್ವಾ?" ಎಂದು ಒಟೀಲಿಯ ಕೇಳಿದಳು.

ಅವನು ಅವಳ ಮುಖ ನೋಡಲು ಯತ್ನಿಸಿದ, ಆಗಲಿಲ್ಲ.

"ಇಲ್ಲ. ಅವನ ಕಣ್ಣು ಸರಿ ಇರ್ಲಿಲ್ವಲ್ಲ. ಅವನದೇ ಅಂತ ಕಟ್ಟಿಟ್ಟೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಕಿಲಿಯಾನನ ಕಣ್ಣು ಚೆನ್ನಾಗಿಯೇ ಇತ್ತು. ಊರಿನ ಮಾತು ಕಿವಿಯಿಂದ ಇಳಿದು ಅವನ ಕಣ್ಣಿಗೆ ಹತ್ತಿತ್ತು. ಕೊರ್ದುಲಳಿಗೆ ಅವನ ಮೇಲೆ ಕನಿಕರ ಬಂತು. ಗೆಳೆಯನಿಗಾಗಿ ಕಳ್ಳನಾಗಲು ಹೇಸದವನು, ಆ ಗೆಳೆಯನನ್ನು ನಂಬಲು ಮಾತ್ರ ಮರೆತಿದ್ದ.

ರೂಪರ್ಟ್ ಹಂಡೆಯ ಬಳಿಗೆ ಹಿಂದೆ ಸರಿದ. ಎರಡೂ ದವಡೆಗಳು ಇಲ್ಲಿವೆ, ಯಾವುದನ್ನು ಎಲ್ಲಿ ತೂಗುಹಾಕಬೇಕೆಂಬುದನ್ನು ನೀವೇ ಯೋಚಿಸಿ, ಕಿಲಿಯಾನನ ವಯಸ್ಸಿಗೆ ಕೆಂಪು ಚುಕ್ಕೆ ಬಿದ್ದರೆ ಅವನು ಇನ್ನು ಸಾರಂಗ ಹೊಡೆಯುವುದು ಮುಗಿದಂತೆಯೇ ಎಂದ. ಅವನ ಬಾಯಿಂದ ಇಂಥ ಮಾತು ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

"ಯೋಚನೆ ಮಾಡೋಕೆ ಏನಿದೆ?" ಎಂದ ಕಿಲಿಯಾನ್. ಚೂಪು ಹಲ್ಲಿನ ದವಡೆಯನ್ನು ಎತ್ತಿಕೊಂಡು ತನ್ನ ಹಲಗೆಗೆ ತಾನೇ ತಂತಿ ಬಿಗಿದ.

ಮರುದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರೀಕ್ಷಕರು ಸಾಲಾಗಿ ನೋಡುತ್ತ ಬಂದರು. ಆಂಬ್ರೋಸನ ಇಡೀ ಬುರುಡೆಯ ಮುಂದೆ ನಿಂತು ತಮ್ಮತಮ್ಮಲ್ಲೇ ಮಾತಾಡಿಕೊಂಡರು, ಹಸಿರು ಚುಕ್ಕೆ ಅಂಟಿಸಿದರು. ಈ ವರ್ಷ ಬಂದವುಗಳಲ್ಲೆಲ್ಲ ಅತಿ ಮುದಿ ಸಾರಂಗ ಎಂದು ರೂಪರ್ಟ್ ಎಲ್ಲರಿಗೂ ಕೇಳುವಂತೆ ಓದಿದ. ಓದಿದವನು ಟೋಪಿ ತೆಗೆದು ಒಟೀಲಿಯಳ ಮುಂದೆ ತಲೆ ಬಾಗಿಸಿದ. ಆಮೇಲೆ ಕಿಲಿಯಾನನ ಹಲಗೆಗೆ ಕೆಂಪು ಬಿತ್ತು. ಹಾಲ್ ತುಂಬ ಗುಸುಗುಸು ಎದ್ದಿತು.

ಕಿಲಿಯಾನ್ ತನ್ನ ಹಲಗೆಯ ಕೆಳಗೆ ಹೋಗಿ ನಿಂತ. ನಡೆದದ್ದನ್ನೆಲ್ಲ ಹೇಳಿದ, ಕದ್ದದ್ದನ್ನೂ ಬಿಡಲಿಲ್ಲ. ಅವನಿಗೆ ಮಾತು ಬರುವುದು ಕಡಿಮೆ. ನಡುನಡುವೆ ನಿಲ್ಲಿಸಿ ನೆಲ ನೋಡುತ್ತಿದ್ದ.

"ಚಳಿಗಾಲ ಪೂರ್ತಿ ನಾನು ಅವನನ್ನ ಮನಸ್ಸಲ್ಲೇ ಕ್ಷಮಿಸ್ತಾ ಇದ್ದೆ," ಎಂದ ಕೊನೆಗೆ. "ದೊಡ್ಡ ಮನುಷ್ಯನ ಹಾಗೆ. ತಪ್ಪು ಮಾಡಿದವನು ನಾನು."

ಯಾರೂ ನಗಲಿಲ್ಲ. ಒಟೀಲಿಯ ಜನರ ನಡುವೆ ದಾರಿ ಮಾಡಿಕೊಂಡು ಅವನ ಬಳಿ ಹೋದಳು. ಕೊರ್ದುಲ ಪಕ್ಕದಲ್ಲೇ ಇದ್ದುದರಿಂದ ಅವಳ ಮಾತು ಕೇಳಿಸಿತು.

"ಕದ್ದದ್ದಕ್ಕೆ ನಂಗೆ ಸಿಟ್ಟಿಲ್ಲ ಕಿಲಿಯಾನ್. ನಂಬ್ಲಿಲ್ಲವಲ್ಲ, ಅದಕ್ಕೆ ಇದೆ. ಅದು ಇವತ್ತಿಗೇ ಹೋಗಲ್ಲ. ನಾಳೆ ಬೆಳಗ್ಗೆ ಅವನ ಹತ್ರ ಹೋಗ್ತೀನಿ, ನೀನೂ ಬಾ. ಇದನ್ನ ನೀನೇ ಅವನಿಗೆ ಹೇಳ್ಬೇಕು."

ಕಿಲಿಯಾನ್ ತಲೆಯಾಡಿಸಿದ. ಮರುದಿನ ಬೆಳಗ್ಗೆ ಒಟೀಲಿಯ ಚರ್ಚಿನ ಗೇಟು ತೆರೆಯುವ ಹೊತ್ತಿಗೆ ಅವನು ಆಗಲೇ ಸಮಾಧಿಯ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಮಾತು ಮುಗಿಯುವವರೆಗೂ ಅವಳು ಗೇಟಿನ ಹೊರಗೇ ಕಾದಳು.